ನಾಲಿಗೆಯಡಿಯ ಕ್ಯಾಮೆರಾ, ಬೆರಳ ತುದಿಯ ಬಣ್ಣ



ದಾವಣಗೆರೆಯ ಯಾವುದೇ ದೊಡ್ಡ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಕಾದು ಕೂತವರು, ಡಾಕ್ಟರು ಹೊರಗೆ ಬಂದ ಕೂಡಲೇ ಕೇಳುವ ಮೊದಲ ಮಾತು ಒಂದೇ: ‘ಬಿಪಿ ಎಷ್ಟೈತ್ರೀ ಸಾರ್?’ ಲೋಕಿಕೆರೆಯಿಂದ ಬಂದವರಿರಲಿ, ಹರಿಹರದಿಂದ ಬಂದವರಿರಲಿ, ಆ ಒಂದು ಸಂಖ್ಯೆಯ ಮೇಲೆ ಮನೆಯವರ ಜೀವ ನಿಂತಿರುತ್ತದೆ. ‘ಬಿಪಿ ಸ್ವಲ್ಪ ಮೇಲಕ್ಕೆ ಬಂದಿದೆ’ ಎಂದರೆ ಊರಿಗೆ ಫೋನು ಹೋಗುತ್ತದೆ, ಅದುವರೆಗೆ ಮುಟ್ಟದ ಚಹಾ ಗಂಟಲಿಗಿಳಿಯುತ್ತದೆ. ಆ ಸಮಾಧಾನ ತಪ್ಪಲ್ಲ. ಆದರೆ ಬಿಪಿ ಸರಿಹೋದ ಮೇಲೂ ಮೂತ್ರ ಕಡಿಮೆಯಾಗುತ್ತ ಹೋಗಿ ಡಯಾಲಿಸಿಸ್ ಬೇಕಾಗುವುದು, ಪ್ರಜ್ಞೆ ಮಸುಕಾಗುವುದು, ಒಂದಾದ ಮೇಲೊಂದು ಅಂಗ ಸೋಲುವುದು ಇದ್ದೇ ಇದೆ. ಮಾನಿಟರಿನ ಮೇಲಿನ ಸಂಖ್ಯೆಗಳೆಲ್ಲ ಸರಿಯಿದ್ದೂ ದೇಹ ಮಾತ್ರ ಇಳಿಯುತ್ತ ಹೋಗುವುದೇಕೆ ಎಂದು ಹುಡುಕಹೊರಟ ವೈದ್ಯವಿಜ್ಞಾನಿಗಳು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಒಂದು ಉಪಕರಣವನ್ನು ಬೆಳೆಸಿದ್ದಾರೆ. ರೋಗಿಯ ನಾಲಿಗೆಯ ಕೆಳಗೆ ತುದಿಯನ್ನಿಟ್ಟರೆ, ಕೂದಲಿಗಿಂತ ಎಷ್ಟೋ ಸಣ್ಣ ರಕ್ತನಾಳಗಳೊಳಗೆ ಕೆಂಪು ಕಣಗಳು ಹರಿಯುವುದನ್ನು ಆ ಕ್ಷಣದಲ್ಲೇ ಪರದೆಗೆ ತರುವ ವಿಡಿಯೋ ಸೂಕ್ಷ್ಮದರ್ಶಕ ಅದು. ಅದರಲ್ಲಿ ಈಗಾಗಲೇ ಮೂರು ತಲೆಮಾರು ಆಗಿವೆ. ಮೂರರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಹೆಚ್ಚು ನಾಳಗಳನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುವುದೇ ಮೇಲು ಎಂಬ ಉತ್ತರ ಥಟ್ಟನೆ ಬರುತ್ತದೆ. ಆ ಉತ್ತರ ಸಾಲದು ಎಂಬುದೇ ಇಂದಿನ ನನ್ನ ವಾದ. ಒಬ್ಬನೇ ರೋಗಿಯನ್ನು ಇಬ್ಬರು ನೋಡಿದರೆ ಒಂದೇ ಉತ್ತರ ಬರುತ್ತದೆಯೇ, ಆ ಉತ್ತರದಿಂದ ಮುಂದಿನ ಚಿಕಿತ್ಸೆ ಬದಲಾಗುತ್ತದೆಯೇ, ಬದಲಾದರೆ ರೋಗಿಗೆ ಒಳ್ಳೆಯದಾಗುತ್ತದೆಯೇ ಎಂಬುದರ ಮೇಲೆ ಈ ಉಪಕರಣಗಳನ್ನು ಅಳೆಯಬೇಕು. ಹಾಗೆ ಅಳೆದಾಗ ಮೂರನೆಯ ತಲೆಮಾರಿನ ಕ್ಯಾಮೆರಾ ಮೊದಲೆರಡನ್ನು ಹಿಂದೆ ಹಾಕುತ್ತದೆ, ನಿಜ. ಆದರೆ ಹಾಸಿಗೆಯ ಪಕ್ಕದಲ್ಲಿ ಒಂದು ಬೆರಳು ಮತ್ತು ಒಂದು ಗಡಿಯಾರ ಮಾಡುವ ಕೆಲಸವನ್ನು ಅದು ಇನ್ನೂ ಮೀರಿಲ್ಲ.

ದೇಹ ಹೀಗೆ ಇಳಿಯುವುದರ ಹಿಂದೆ ಸಾಮಾನ್ಯವಾಗಿ ಇರುವುದು ಷಾಕ್. ವೈದ್ಯರು ಷಾಕ್ ಎಂದಾಗ ಅದು ನಾವು ಮಾತಿನಲ್ಲಿ ಹೇಳುವ ಮನಸ್ಸಿನ ಆಘಾತವಲ್ಲ, ಕರೆಂಟು ಹೊಡೆಯುವುದೂ ಅಲ್ಲ. ಜೀವಕೋಶಗಳಿಗೆ ಬೇಕಾದಷ್ಟು ಆಮ್ಲಜನಕ ಮುಟ್ಟದೇ ಹೋಗುವ ಸ್ಥಿತಿ ಅದು. ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ, ಹೆದ್ದಾರಿ 48ರ ಅಪಘಾತ, ಮೈಯೆಲ್ಲ ಹರಡಿದ ಸೋಂಕು, ಡೆಂಗಿಯಲ್ಲಿ ರಕ್ತನಾಳಗಳಿಂದ ನೀರಿನಂಶ ಸೋರುವುದು, ಕೊಳಕುಮಂಡಲದ ಕಡಿತ, ಹೃದಯಾಘಾತ, ಎಲ್ಲವೂ ಕೊನೆಗೆ ಇಲ್ಲಿಗೆ ತಂದು ನಿಲ್ಲಿಸಬಹುದು. ಬಿಪಿ ಇದ್ದೂ ಆಮ್ಲಜನಕ ಮುಟ್ಟದಿರುವುದು ಹೇಗೆಂದು ತಿಳಿಯಲು ಭದ್ರಾ ಅಚ್ಚುಕಟ್ಟಿನವರಿಗೆ ಪಾಠ ಬೇಕಿಲ್ಲ. ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನೀರಿರಬಹುದು, ಮುಖ್ಯ ನಾಲೆಯಲ್ಲಿ ದಡ ಮುಟ್ಟಿ ಹರಿಯುತ್ತಲೂ ಇರಬಹುದು, ಆದರೂ ದಾವಣಗೆರೆಯ ಕಡೆಯ ಕೊನೆಭಾಗದ ಗದ್ದೆಗೆ ನೀರು ಬಂದಿತೇ ಎಂಬುದು ಬೇರೆಯೇ ಪ್ರಶ್ನೆ. ಬಿಪಿ ಎಂದರೆ ಮುಖ್ಯ ನಾಲೆಯ ಮಟ್ಟ. ಜೀವಕೋಶಕ್ಕೆ ಆಮ್ಲಜನಕ ದಾಟುವುದು ಹೊಲಗಾಲುವೆಯ ಹಂತದಲ್ಲಿ, ಅಂದರೆ ಲೋಮನಾಳಗಳಲ್ಲಿ. ಒಂದು ಕೆಂಪು ರಕ್ತಕಣದ ಅಗಲ ಏಳೆಂಟು ಮೈಕ್ರಾನ್. ಅನೇಕ ಲೋಮನಾಳಗಳು ಅದಕ್ಕಿಂತ ಕಿರಿದು, ಕಣಗಳು ಒಂದರ ಹಿಂದೊಂದು ಮೈ ಬಗ್ಗಿಸಿಕೊಂಡು ನುಸುಳಬೇಕು. ಸೋಂಕಿನ ಷಾಕಿನಲ್ಲಿ ನಾಳಗಳ ಒಳಪದರ ಊದುತ್ತದೆ, ಬಿಳಿಯ ಕಣಗಳು ಗೋಡೆಗೆ ಅಂಟುತ್ತವೆ, ಸಣ್ಣ ಹೆಪ್ಪುಗಳು ಕಟ್ಟುತ್ತವೆ, ಕೆಂಪು ಕಣಗಳು ಬಾಗುವ ಗುಣವನ್ನೇ ಕಳೆದುಕೊಳ್ಳುತ್ತವೆ. ಒಂದು ನಾಳದಲ್ಲಿ ರಕ್ತ ಭರದಿಂದ ಓಡುತ್ತಿದ್ದರೆ ಅದಕ್ಕಂಟಿದ ಇನ್ನೊಂದರಲ್ಲಿ ನಿಂತೇಬಿಟ್ಟಿರುತ್ತದೆ. ಸರಾಸರಿ ತೆಗೆದರೆ ಎಲ್ಲ ಸರಿಯಿರುವಂತೆ ಕಾಣುತ್ತದೆ. ಕೆಡುವುದು ಹಂಚಿಕೆ. ಬಿಪಿ ಹೇಳಲಾಗದ ಸಂಗತಿ ಇದು.

ಹೃದಯದಿಂದ ಹೊರಟ ರಕ್ತ ಸುತ್ತಿ ಹೃದಯಕ್ಕೇ ಮರಳುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ಬರೆದಾಗ, ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ದಾರಿ ಅವನಿಗೆ ಕಂಡಿರಲಿಲ್ಲ. ಆ ಸೇತುವೆಯನ್ನು 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕ ಹಿಡಿದು ಕಂಡವನು ಇಟಲಿಯ ಮಾಲ್ಪಿಗಿ. ಆಮೇಲೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಮನುಷ್ಯನ ಒಳ ಅಂಗಗಳ ಲೋಮನಾಳ ಸಂಚಾರವನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವ ಅನುಕೂಲ ಇರಲಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಬೆಳಕು ಕೆಳಗಿನಿಂದ ಬರಬೇಕು. ಕಪ್ಪೆಯ ತೆಳು ಪೊರೆಗೆ ಅದು ಸಾಧ್ಯ, ಮನುಷ್ಯನ ದಪ್ಪ ಮಾಂಸಕ್ಕೆ ಅಲ್ಲ. ಮೇಲಿನಿಂದ ಬೆಳಕು ಬಿಟ್ಟರೆ ಅದು ಒದ್ದೆಯಾದ ಮೇಲ್ಮೈಯಿಂದಲೇ ಪುಟಿದು ಕಣ್ಣು ಕೋರೈಸುತ್ತದೆ, ಒಳಗಿನದು ಕಾಣುವುದಿಲ್ಲ. ಉಗುರಿನ ಬುಡದ ಚರ್ಮಕ್ಕೆ ಎಣ್ಣೆ ಹಚ್ಚಿ ಅಲ್ಲಿನ ಲೋಮನಾಳಗಳನ್ನು ನೋಡುವ ಕ್ರಮ ಇಪ್ಪತ್ತನೆಯ ಶತಮಾನದ ಆರಂಭದಿಂದ ಇದೆ, ಸಂಧಿವಾತದ ವೈದ್ಯರು ಈಗಲೂ ಬಳಸುತ್ತಾರೆ. ಆದರೆ ಷಾಕಿನಲ್ಲಿ ಕೈಬೆರಳು ತಣ್ಣಗಾಗಿರುತ್ತದೆ, ಚರ್ಮವೂ ಅಡ್ಡ ಬರುತ್ತದೆ. ನಾಲಿಗೆಯ ಅಡಿಯ ಪೊರೆ ತೆಳು, ಬೆಚ್ಚಗೆ, ತಲುಪಲು ಸುಲಭ. ಮೇಲಾಗಿ ಭ್ರೂಣ ಬೆಳೆಯುವಾಗ ಅದು ಕರುಳಿನ ಜೊತೆಗೆ ಒಂದೇ ಮೂಲದಿಂದ ಬಂದದ್ದು. ಆದ್ದರಿಂದ ಜಾಗ ಅದೇ ಎಂದಾಯಿತು. ಉಳಿದದ್ದು ಮೇಲ್ಮೈಯ ಹೊಳಪನ್ನು ತೆಗೆದುಹಾಕುವ ಉಪಾಯ.

ಮೂರು ತಲೆಮಾರಿನ ಯಂತ್ರಗಳು ಈ ಹೊಳಪಿನೊಂದಿಗೆ ಹೋರಾಡಿದ ರೀತಿಯೇ ಅವುಗಳ ನಡುವಿನ ವ್ಯತ್ಯಾಸ. ಮೂರೂ ಹಸಿರು ಬೆಳಕನ್ನೇ ಬಳಸುತ್ತವೆ. ಹಸಿರನ್ನು ರಕ್ತದ ಹಿಮೋಗ್ಲೋಬಿನ್ ಹೀರುತ್ತದೆ, ಸುತ್ತಲಿನ ಅಂಗಾಂಶ ಚದುರಿಸುತ್ತದೆ. ಹೀಗಾಗಿ ಬೆಳ್ಳಗಿನ ಹಿನ್ನೆಲೆಯಲ್ಲಿ ಕೆಂಪು ಕಣಗಳು ಕಪ್ಪಗೆ ಕಾಣುತ್ತವೆ. ಬಣ್ಣ ಹಾಕುವ ಚುಚ್ಚುಮದ್ದು ಬೇಕಿಲ್ಲ. ಗಮನಿಸಬೇಕಾದ್ದು ಇಷ್ಟು: ಕಾಣುವುದು ನಾಳವಲ್ಲ, ನಾಳದೊಳಗಿನ ರಕ್ತಕಣ. ಕಣವಿಲ್ಲದ ಖಾಲಿ ನಾಳ ಈ ಕ್ಯಾಮೆರಾಗಳಿಗೆ ಇಲ್ಲದಂತೆಯೇ. 1999ರಲ್ಲಿ ಪ್ರಕಟವಾದ ಮೊದಲನೆಯ ವಿಧಾನದಲ್ಲಿ ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿ, ಅಂದರೆ ಧ್ರುವೀಕರಿಸಿ ಒಳಗೆ ಬಿಡುತ್ತಾರೆ. ಮೇಲ್ಮೈಯಿಂದ ಪುಟಿದ ಬೆಳಕು ಅದೇ ದಿಕ್ಕನ್ನು ಉಳಿಸಿಕೊಳ್ಳುತ್ತದೆ. ಒಳಗೆ ಹೋಗಿ ಚದುರಿ ಬಂದದ್ದು ದಿಕ್ಕು ಕಳೆದುಕೊಂಡಿರುತ್ತದೆ. ಅಡ್ಡಲಾಗಿಟ್ಟ ಇನ್ನೊಂದು ಶೋಧಕ ಮೊದಲನೆಯದನ್ನು ತಡೆದು ಎರಡನೆಯದನ್ನು ಮಾತ್ರ ಬಿಡುತ್ತದೆ. ಸೊಗಸಾದ ಆಲೋಚನೆ. ಆದರೆ ಶೋಧಕಗಳಲ್ಲಿ ಬೆಳಕು ಬಹಳಷ್ಟು ಸೋರಿಹೋಗುತ್ತಿತ್ತು, ಪ್ರಬಲ ದೀಪ ಬೇಕಾಗುತ್ತಿತ್ತು, ವೇಗವಾಗಿ ಓಡುವ ಕಣಗಳು ಗೀಟುಗಳಾಗಿ ಕಲಸಿಹೋಗುತ್ತಿದ್ದವು. 2007ರಲ್ಲಿ ಆಮ್ಸ್ಟರ್‌ಡಾಮಿನವರು ಎರಡನೆಯದನ್ನು ತಂದರು. ಮಧ್ಯದಲ್ಲಿ ಮಸೂರ, ಸುತ್ತ ಉಂಗುರದಂತೆ ಹಸಿರು ಎಲ್‌ಇಡಿಗಳು, ಎರಡರ ನಡುವೆ ಬೆಳಕು ದಾಟದ ಗೋಡೆ. ಬೆಳಕು ಪಕ್ಕದಿಂದ ಒಳಹೊಕ್ಕು ಅಂಗಾಂಶವನ್ನು ಒಳಗಿನಿಂದಲೇ ಬೆಳಗುತ್ತದೆ, ಮೇಲಿನ ಹೊಳಪು ಮಸೂರಕ್ಕೆ ತಾಗುವುದೇ ಇಲ್ಲ. ದೀಪಗಳು ಕ್ಯಾಮೆರಾದ ತಾಳಕ್ಕೆ ಮಿನುಗುವುದರಿಂದ ಕಣಗಳು ಕಲಸುವುದೂ ಕಡಿಮೆಯಾಯಿತು. ಷಾಕಿನಲ್ಲಿ ನಾಲಿಗೆಯಡಿ ನೋಡಿದ ಅಧ್ಯಯನಗಳಲ್ಲಿ ಹಲವು ನಡೆದದ್ದು ಈ ಯಂತ್ರದಲ್ಲಿ. ಅದರ ದೋಷ ಎರಡು: ಕ್ಯಾಮೆರಾ ಹಳೆಯ ಟೀವಿ ಮಟ್ಟದ್ದು, ಕೈಯಲ್ಲಿ ಹಿಡಿಯಲು ಭಾರ. 2015ರ ಹೊತ್ತಿಗೆ ಬಂದ ಮೂರನೆಯದು ಸೈಟೋಕ್ಯಾಮ್. ಇದರ ತೂಕ ಸುಮಾರು 120 ಗ್ರಾಂ. ಎರಡು ಮಿಲಿಸೆಕೆಂಡಿನಷ್ಟು ಚುಟುಕಾದ ಬೆಳಕಿನ ಮಿಡಿತ, ಕಂಪ್ಯೂಟರ್ ನಿಯಂತ್ರಿಸುವ ಡಿಜಿಟಲ್ ಸಂವೇದಕ, ಎಷ್ಟು ಆಳದಲ್ಲಿ ಫೋಕಸ್ ಮಾಡಿದೆ ಎಂದು ಅಳೆದು ಹೇಳುವ ಮೋಟಾರು, ಮೊದಲಿಗಿಂತ ವಿಸ್ತಾರವಾದ ನೋಟ, ಎಲ್ಲವೂ ಇದರಲ್ಲಿವೆ.

ಎರಡನೆಯದನ್ನೂ ಮೂರನೆಯದನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದ ಅಧ್ಯಯನಗಳು ಬಂದಿವೆ. ಹೊಸ ಯಂತ್ರ ಸುಮಾರು ಶೇ. 30ರಷ್ಟು ಹೆಚ್ಚು ಲೋಮನಾಳಗಳನ್ನು ತೋರಿಸುತ್ತದೆ ಎಂದು 2015ರ ವರದಿ ಹೇಳಿತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲೂ ಆರೋಗ್ಯವಂತರಲ್ಲೂ ಹೆಚ್ಚುಕಡಿಮೆ ಅದೇ ದಿಕ್ಕಿನ ಫಲಿತಾಂಶ ಬಂತು. ಇದನ್ನು ಓದಿ ‘ಹಾಗಾದರೆ ಹೊಸದೇ ಸೈ’ ಎನ್ನುವುದು ಸುಲಭ. ಆದರೆ ಈ 30ರ ಅರ್ಥವನ್ನು ಇನ್ನಷ್ಟು ಹಿಂಜಬೇಕು. ನಾಲಿಗೆ ಅದೇ, ರಕ್ತ ಅದೇ, ಬದಲಾದದ್ದು ಯಂತ್ರ. ಆದರೂ ನಾಳಗಳ ಸಾಂದ್ರತೆ ಹತ್ತಿರಹತ್ತಿರ ಮೂರರಲ್ಲೊಂದರಷ್ಟು ಏರಿತು. ಹಾಗಿದ್ದರೆ ಹಳೆಯ ಯಂತ್ರದಲ್ಲಿ ‘ಸಾಂದ್ರತೆ ಇಷ್ಟಕ್ಕಿಂತ ಕಡಿಮೆಯಾದರೆ ಅಪಾಯ’ ಎಂದು ಕಂಡುಕೊಂಡ ಗೆರೆಯನ್ನು ಹೊಸ ಯಂತ್ರಕ್ಕೆ ಎಳೆಯುವುದು ಹೇಗೆ? ಒಂದು ಆಸ್ಪತ್ರೆಯ ಹಳೆಯ ಯಂತ್ರದಲ್ಲಿ ‘ಕೆಟ್ಟಿದೆ’ ಎನಿಸಿಕೊಂಡ ರೋಗಿ ಇನ್ನೊಂದರ ಹೊಸ ಯಂತ್ರದಲ್ಲಿ ‘ಚೆನ್ನಾಗಿದ್ದಾನೆ’ ಎನಿಸಿಕೊಳ್ಳಬಹುದು. ಇನ್ನೂ ಒಂದು ಸೂಕ್ಷ್ಮವಿದೆ. ಈ ಗೆಲುವಿನಲ್ಲಿ ಬೆಳಕು ಬಿಡುವ ತತ್ತ್ವದ ಪಾಲೆಷ್ಟು, ಬರೀ ಒಳ್ಳೆಯ ಸಂವೇದಕದ ಪಾಲೆಷ್ಟು? ಹಳೆಯ ಟೀವಿ ಕ್ಯಾಮೆರಾದ ಎದುರು ಹೊಸ ಡಿಜಿಟಲ್ ಕ್ಯಾಮೆರಾ ನಿಲ್ಲಿಸಿದರೆ ಹೊಸದು ಗೆಲ್ಲದೇ ಇನ್ನೇನು? ಎರಡನೆಯ ತಲೆಮಾರಿನ ತತ್ತ್ವಕ್ಕೇ ಆಮೇಲೆ ಡಿಜಿಟಲ್ ಕ್ಯಾಮೆರಾ ಸೇರಿಸಿದ ರೂಪಗಳೂ ಬಂದಿವೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿ ಹೋಲಿಸುವುದಕ್ಕಿಂತ, ಸಂವೇದಕ, ಮಿಡಿತದ ಅವಧಿ, ಫೋಕಸ್ ಹಿಡಿಯುವ ಬಗೆ ಇವನ್ನು ಕೇಳಿ ಹೋಲಿಸುವುದು ಸರಿಯಾದ ದಾರಿ.

ಯಂತ್ರಕ್ಕಿಂತ ದೊಡ್ಡ ವ್ಯತ್ಯಾಸವನ್ನು ತರುವುದು ಅದನ್ನು ಹಿಡಿದ ಕೈ. ತುದಿಯನ್ನು ತುಸು ಒತ್ತಿದರೂ ಕೆಳಗಿನ ನಾಳಗಳು ಅಪ್ಪಚ್ಚಿಯಾಗಿ ಹರಿವು ನಿಲ್ಲುತ್ತದೆ. ಪರದೆ ನೋಡಿದವರು ‘ಅಯ್ಯೋ, ರಕ್ತ ನಿಂತಿದೆ’ ಎನ್ನುತ್ತಾರೆ. ನಿಲ್ಲಿಸಿದ್ದು ರೋಗವಲ್ಲ, ನೋಡಿದವರ ಕೈ. ಒತ್ತದೆ ಬಿಟ್ಟರೆ ಚಿತ್ರ ಅಲುಗುತ್ತದೆ. ಜೊಲ್ಲು, ರಕ್ತದ ಹನಿ, ಗುಳ್ಳೆ ಅಡ್ಡ ಬರುತ್ತವೆ. ಇದನ್ನರಿತೇ 2013ರಲ್ಲಿ ಮ್ಯಾಸಿ ಎಂಬ ಸಂಶೋಧಕರು ಮತ್ತು ಸಂಗಡಿಗರು ಚಿತ್ರದ ಗುಣಮಟ್ಟಕ್ಕೆ ಒಂದು ಅಂಕಪಟ್ಟಿ ಮಾಡಿದರು: ಬೆಳಕು, ಅವಧಿ, ಫೋಕಸ್, ಕಾಣುವ ವಸ್ತು, ಸ್ಥಿರತೆ, ಒತ್ತಡ ಎಂಬ ಆರು ಅಂಶ, ಚೆನ್ನಾಗಿದ್ದರೆ ಸೊನ್ನೆ, ಪರವಾಗಿಲ್ಲ ಎಂದರೆ ಒಂದು, ಒಪ್ಪುವಂತಿಲ್ಲ ಎಂದರೆ ಹತ್ತು. ಆರರಲ್ಲಿ ಒಂದಕ್ಕೆ ಹತ್ತು ಬಿದ್ದರೂ ಆ ತುಣುಕು ಕಸದ ಬುಟ್ಟಿಗೆ. ಇಂಥ ಕಟ್ಟುನಿಟ್ಟು ನನಗೆ ಬಹಳ ಮೆಚ್ಚುಗೆಯಾದದ್ದು. ಯಾವ ಯಂತ್ರ ಕೊಂಡರೂ ಈ ಪಟ್ಟಿಯಿಲ್ಲದೆ ಬಳಸಕೂಡದು. ಹೀಗೆ ಸೋಸಿ ಉಳಿದ ತುಣುಕುಗಳಲ್ಲಿ ನಾಳಗಳನ್ನು ಗುರುತಿಸಿ ಎಣಿಸಬೇಕು. ಹರಿವಿಗೆ ಸೊನ್ನೆಯಿಂದ ಮೂರರವರೆಗೆ ಅಂಕ: ನಿಂತಿದೆ, ತಡೆತಡೆದು ಹರಿಯುತ್ತಿದೆ, ನಿಧಾನವಾಗಿದೆ, ಸರಾಗವಾಗಿದೆ. ಕೈಯಿಂದ ಮಾಡುವ ಈ ಲೆಕ್ಕಕ್ಕೆ ಹಿಡಿಯುವ ಸಮಯ ಷಾಕಿನ ರೋಗಿಗೆ ಇಲ್ಲ. ಈ ಎಣಿಕೆಯನ್ನು ತಾವೇ ಮಾಡುವ ತಂತ್ರಾಂಶಗಳು ಈಚೆಗೆ ಬಂದಿವೆ, ಅವು ದಿನೇದಿನೇ ಸುಧಾರಿಸುತ್ತಿವೆ. ಸ್ಪಷ್ಟ ಚಿತ್ರದ ನಿಜವಾದ ಬೆಲೆ ಇಲ್ಲಿದೆ ಎನ್ನಬೇಕು: ಮನುಷ್ಯನ ಕಣ್ಣಿಗಿಂತ ಕಂಪ್ಯೂಟರಿನ ಎಣಿಕೆಗೆ ಅದು ಹೆಚ್ಚು ಉಪಕಾರಿ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕಂಡದ್ದರಿಂದ ರೋಗಿಗೆ ಏನಾಯಿತು? ಮೊದಲ ಹೆಜ್ಜೆ ಗಟ್ಟಿಯಾಗಿತ್ತು. 2002ರಲ್ಲಿ ಬ್ರಸೆಲ್ಸಿನ ಡಿ ಬ್ಯಾಕರ್ ತಂಡ, ತೀವ್ರ ಸೋಂಕಿನ 50 ರೋಗಿಗಳ ನಾಲಿಗೆಯಡಿ ನೋಡಿತು. ಆರೋಗ್ಯವಂತರಲ್ಲಿ ಹತ್ತು ಸಣ್ಣ ನಾಳಗಳಿಗೆ ಒಂಬತ್ತರಲ್ಲಿ ರಕ್ತ ಹರಿಯುತ್ತಿದ್ದರೆ, ಈ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಮಾತ್ರ. 2004ರಲ್ಲಿ ಅದೇ ಊರಿನವರು ಇನ್ನೊಂದನ್ನು ತೋರಿಸಿದರು: ಷಾಕಿನಿಂದ ಬದುಕಿದವರಲ್ಲಿ ಈ ಹರಿವು ಬೇಗ ಸುಧಾರಿಸಿತ್ತು, ಅಂಗಗಳು ಸೋತು ಸತ್ತವರಲ್ಲಿ ಸುಧಾರಿಸಿರಲಿಲ್ಲ. ಸಣ್ಣ ನಾಳಗಳೇ ಹಣೆಬರಹವನ್ನು ಹೇಳುತ್ತವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬೇಕು, ಏಕೆಂದರೆ ಮುನ್ಸೂಚನೆ ಹೇಳುವುದು ಬೇರೆ, ದಾರಿ ತೋರಿಸುವುದು ಬೇರೆ. 2002ರಲ್ಲೇ ನೆದರ್‌ಲೆಂಡ್ಸಿನ ವೈದ್ಯರು ಎಂಟು ರೋಗಿಗಳಿಗೆ ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಕೊಟ್ಟು, ನಿಂತ ನಾಳಗಳು ತೆರೆದುಕೊಂಡದ್ದನ್ನು ಕ್ಯಾಮೆರಾದಲ್ಲಿ ಹಿಡಿದರು. ಚಿತ್ರ ನೋಡಿದ ಯಾರಿಗಾದರೂ ಆ ಔಷಧಿ ಎಲ್ಲರಿಗೂ ಸಿಗಬೇಕು ಎನಿಸುವಂಥದ್ದು. ಅದೃಷ್ಟಕ್ಕೆ ಅಲ್ಲಿನವರೇ ಸರಿಯಾದ ಪರೀಕ್ಷೆಗೆ ಇಳಿದರು. 70 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆ ಔಷಧಿ, ಇನ್ನೊಂದಕ್ಕೆ ಹುಸಿಮದ್ದು ಕೊಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನ ನಾಳಗಳ ಹರಿವಿನಲ್ಲಿ ವ್ಯತ್ಯಾಸವಿರಲಿಲ್ಲ. ಆಸ್ಪತ್ರೆಯಲ್ಲಿ ಸತ್ತವರು ಔಷಧಿಯ ಗುಂಪಿನಲ್ಲಿ ಶೇ. 34.3, ಇನ್ನೊಂದರಲ್ಲಿ ಶೇ. 14.2. ಸಂಖ್ಯೆ ಚಿಕ್ಕದಾದ್ದರಿಂದ ಇದು ಆಕಸ್ಮಿಕವೂ ಇರಬಹುದು ಎಂದು ಗಣಿತ ಹೇಳುತ್ತದೆ. ಆದರೂ ಔಷಧಿಯಿಂದ ಒಳಿತಾಯಿತು ಎನ್ನಲು ಅಲ್ಲಿ ಏನೂ ಉಳಿಯಲಿಲ್ಲ. ಕೊನೆಗೆ 2023ರಲ್ಲಿ ಹಲವು ಆಸ್ಪತ್ರೆಗಳ 141 ಷಾಕ್ ರೋಗಿಗಳಲ್ಲಿ ನೇರ ಪ್ರಶ್ನೆಯನ್ನೇ ಕೇಳಿದರು: ನಾಲಿಗೆಯಡಿಯ ಚಿತ್ರದ ಫಲಿತಾಂಶವನ್ನು ಚಿಕಿತ್ಸೆ ಕೊಡುವ ವೈದ್ಯರ ಕೈಗಿತ್ತರೆ ಸಾವು ಕಡಿಮೆಯಾಗುತ್ತದೆಯೇ? ಆಗಲಿಲ್ಲ.

ಇದೇ ಕಾಲದಲ್ಲಿ, ವಿದ್ಯುತ್ತೂ ಬೇಡದ ಇನ್ನೊಂದು ಪರೀಕ್ಷೆ ತನ್ನ ಸಾಮರ್ಥ್ಯವನ್ನು ತೋರಿಸಿತು. ಬಲಗೈ ತೋರುಬೆರಳ ತುದಿಯ ಮೆತ್ತನೆಯ ಭಾಗವನ್ನು ಗಾಜಿನ ಸ್ಲೈಡಿನಿಂದ ಬಿಳಿಚುವವರೆಗೆ ಒತ್ತಿ, ಹತ್ತು ಸೆಕೆಂಡು ಹಿಡಿದು, ಬಿಟ್ಟು, ಬಣ್ಣ ಮರಳಲು ಎಷ್ಟು ಹೊತ್ತು ಎಂದು ಗಡಿಯಾರ ನೋಡಿ ಎಣಿಸುವುದು. ಮೂರು ಸೆಕೆಂಡಿಗಿಂತ ಹೆಚ್ಚಾದರೆ ತುದಿಗೆ ರಕ್ತ ಸರಿಯಾಗಿ ಮುಟ್ಟುತ್ತಿಲ್ಲ. ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳಲ್ಲಿ 424 ಮಂದಿ ಸೆಪ್ಟಿಕ್ ಷಾಕ್, ಅಂದರೆ ಸೋಂಕಿನ ಷಾಕಿನ ರೋಗಿಗಳ ಮೇಲೆ ನಡೆದ ಆಂಡ್ರೊಮೆಡಾ-ಷಾಕ್ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಅರ್ಧ ಗಂಟೆಗೊಮ್ಮೆ ಬೆರಳು ನೋಡಿ ಚಿಕಿತ್ಸೆ ನಡೆಸಿದ ಗುಂಪಿನಲ್ಲಿ 28 ದಿನಗಳೊಳಗೆ ಸತ್ತವರು ಶೇ. 34.9, ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ನೋಡಿ ನಡೆಸಿದ ಗುಂಪಿನಲ್ಲಿ ಶೇ. 43.4. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ಈ ಅಂತರ ಕೂದಲೆಳೆಯಲ್ಲಿ ಮುಟ್ಟಲಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಲ್ಯಾಬು ಬೇಕಾದ ಪರೀಕ್ಷೆಗಿಂತ ಬೆರಳು ಕೀಳಲ್ಲ ಎಂಬುದಂತೂ ಖಚಿತವಾಯಿತು. 2025ರಲ್ಲಿ ಬಂದ ಇನ್ನೂ ದೊಡ್ಡ ಎರಡನೆಯ ಪ್ರಯೋಗದಲ್ಲಿ, ಬೆರಳಿನ ಮೇಲೆ ಕಣ್ಣಿಟ್ಟು ರೂಪಿಸಿದ ಚಿಕಿತ್ಸಾಕ್ರಮ ಒಟ್ಟಾರೆ ಅಳತೆಯಲ್ಲಿ ಗೆದ್ದಿತು. ಸಾವಿನ ಪ್ರಮಾಣ ಬದಲಾಗಲಿಲ್ಲ, ಆದರೆ ಯಂತ್ರ ಮತ್ತು ಔಷಧಿಗಳ ಆಸರೆಯಲ್ಲಿ ಇರಬೇಕಾದ ದಿನಗಳು ಕಡಿಮೆಯಾದವು. ಐಸಿಯು ಬಿಲ್ಲು ಕಟ್ಟಲು ಅಡಿಕೆ ಮಾರುವವರ ನಾಡಿನಲ್ಲಿ ಈ ದಿನಗಳ ಉಳಿತಾಯ ಸಣ್ಣದಲ್ಲ.

ಈ ಮಾತಿಗೆ ಆಕ್ಷೇಪಗಳಿವೆ, ಅವು ಸುಲಭದವೂ ಅಲ್ಲ. ಬೆರಳು ಒತ್ತಿ ನೋಡುವುದು ನೋಡಿದವರ ಕಣ್ಣಿಗೆ ಬಿಟ್ಟದ್ದು, ಒಬ್ಬರು ಎರಡು ಸೆಕೆಂಡು ಎಂದರೆ ಇನ್ನೊಬ್ಬರು ನಾಲ್ಕು ಎನ್ನುತ್ತಾರೆ ಎಂಬುದು ಮೊದಲನೆಯದು. ಸುಮ್ಮನೆ ಹೆಬ್ಬೆರಳಿನಿಂದ ಒತ್ತಿ ಅಂದಾಜಿಗೆ ಹೇಳಿದರೆ ಹಾಗೇ ಆಗುತ್ತದೆ. ಗಾಜು, ಹತ್ತು ಸೆಕೆಂಡು, ಗಡಿಯಾರ, ಒಳ್ಳೆಯ ಬೆಳಕು ಎಂಬ ಶಿಸ್ತು ಇದ್ದಾಗ ಆ ಅಂತರ ಕುಗ್ಗುತ್ತದೆ. ಮೇಲಿನ ಪ್ರಯೋಗಗಳು ನಡೆದದ್ದೇ ಆ ಶಿಸ್ತಿನಿಂದ. ಕಪ್ಪು ಚರ್ಮದಲ್ಲಿ ಬಣ್ಣ ಕಾಣದು ಎಂಬುದು ಎರಡನೆಯದು. ನಮ್ಮಲ್ಲಿ ಇದು ಮುಖ್ಯವಾದ ಪ್ರಶ್ನೆ. ಬೆರಳ ತುದಿಯ ಒಳಭಾಗದಲ್ಲಿ ವರ್ಣದ್ರವ್ಯ ಕಡಿಮೆ, ಆದ್ದರಿಂದ ಆ ಜಾಗ ಅನುಕೂಲ. ಗದ್ದೆ ಕೆಲಸ ಮಾಡಿ ಜಡ್ಡುಗಟ್ಟಿದ ಬೆರಳಲ್ಲಿ ಮಾತ್ರ ಎಚ್ಚರ ಬೇಕು. ಕೋಣೆಯ ಎಸಿ ತಣ್ಣಗಿದ್ದರೆ ಆರೋಗ್ಯವಂತನ ಬೆರಳೂ ನಿಧಾನ ಮಾಡುತ್ತದೆ ಎಂಬುದನ್ನೂ ನೆನಪಿಡಬೇಕು. ಎಲ್ಲಕ್ಕಿಂತ ತೂಕದ ಆಕ್ಷೇಪ ಆಫ್ರಿಕದಿಂದ ಬಂದದ್ದು. 2011ರಲ್ಲಿ ಪ್ರಕಟವಾದ ಫೀಸ್ಟ್ ಪ್ರಯೋಗದಲ್ಲಿ, ತೀವ್ರ ಜ್ವರದ ಜೊತೆಗೆ ತಣ್ಣನೆಯ ಕೈಕಾಲು, ಕ್ಷೀಣ ನಾಡಿ, ಬೆರಳ ಬಣ್ಣ ತಡವಾಗಿ ಮರಳುವುದು ಇಂಥ ಲಕ್ಷಣಗಳಿದ್ದ 3,141 ಮಕ್ಕಳಿದ್ದರು. ಒಮ್ಮೆಲೇ ಬಾಟಲಿ ದ್ರವ ಹರಿಸಿದ ಗುಂಪುಗಳಲ್ಲಿ 48 ಗಂಟೆಗಳೊಳಗೆ ಶೇ. 10.5ರ ಆಸುಪಾಸು ಮಕ್ಕಳು ಸತ್ತರು. ಹಾಗೆ ಹರಿಸದ ಗುಂಪಿನಲ್ಲಿ ಶೇ. 7.3. ಇದರಿಂದ ಬೆರಳಿನ ಪರೀಕ್ಷೆ ಸುಳ್ಳಾಗುವುದಿಲ್ಲ. ಬೆರಳು ಹೇಳುವುದು ‘ಹರಿವು ಕಡಿಮೆಯಾಗಿದೆ’ ಎಂದು ಮಾತ್ರ. ‘ಗ್ಲೂಕೋಸ್ ಬಾಟಲಿ ಏರಿಸು’ ಎಂದಲ್ಲ. ಕಾರಣ ಹೃದಯದ ಸೋಲೋ, ನಾಳಗಳ ಸಡಿಲವೋ, ರಕ್ತದ ಕೊರತೆಯೋ ಎಂಬುದನ್ನು ಹುಡುಕುವ ಹೊಣೆ ವೈದ್ಯರದೇ. ನಾಲಿಗೆಯಡಿಯ ಕ್ಯಾಮೆರಾಗೂ ಇದೇ ಮಿತಿ ಇದೆ ಎಂಬುದನ್ನು ಕ್ಯಾಮೆರಾದ ಪರವಾಗಿ ಮಾತಾಡುವವರು ಮರೆಯಬಾರದು. ನಾಲಿಗೆ ಕರುಳಿನ ಬಂಧು ಎಂಬ ನಂಬಿಕೆಗೂ 2007ರಲ್ಲಿ ಪೆಟ್ಟು ಬಿತ್ತು: ಹೊಟ್ಟೆಯ ಸೋಂಕಿನ ರೋಗಿಗಳಲ್ಲಿ ಮೊದಲ ದಿನ ನಾಲಿಗೆಯಡಿಯ ಹರಿವಿಗೂ ಕರುಳಿನ ಹರಿವಿಗೂ ತಾಳೆಯೇ ಇರಲಿಲ್ಲ, ಮೂರನೆಯ ದಿನಕ್ಕೆ ಹೊಂದಿಕೊಂಡಿತು.

ಹಾಗಾದರೆ ಕ್ಯಾಮೆರಾ ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಬೇರೆ ಕೆಲಸಕ್ಕೆ. ಅದನ್ನು ತೋರಿಸಿದ್ದು ನಮ್ಮ ನೆರೆಯ ಬಾಂಗ್ಲಾದೇಶ. ಅಲ್ಲಿನ ತೀವ್ರ ಮಲೇರಿಯಾ ರೋಗಿಗಳ ಗುದನಾಳದ ಪೊರೆಯನ್ನು ಮೊದಲನೆಯ ತಲೆಮಾರಿನ ವಿಧಾನದಲ್ಲಿ ನೋಡಿದ ಡಾಂಡಾರ್ಪ್ ಎಂಬ ಸಂಶೋಧಕರ ತಂಡ 2008ರಲ್ಲಿ ಫಲಿತಾಂಶ ಪ್ರಕಟಿಸಿತು: ಪರಾವಲಂಬಿ ಹೊಕ್ಕ ಕಣಗಳು ಲೋಮನಾಳಗಳಲ್ಲಿ ಸಿಕ್ಕಿಕೊಂಡು ದಾರಿ ಮುಚ್ಚಿದ್ದವು, ಮುಚ್ಚಿದ ನಾಳಗಳು ಹೆಚ್ಚಿದ್ದಷ್ಟೂ ರೋಗಿಯ ರಕ್ತದಲ್ಲಿ ಲ್ಯಾಕ್ಟೇಟ್ ಹೆಚ್ಚಿತ್ತು. ಅಂದರೆ ಅಲ್ಲಿ ತೊಂದರೆ ದ್ರವದ ಕೊರತೆಯದಲ್ಲ, ಅಡ್ಡಗಟ್ಟುವಿಕೆಯದು. ದ್ರವ ಸುರಿದರೆ ಪ್ರಯೋಜನವೇಕಿಲ್ಲ ಎಂಬುದು ಹಳೆಯ ಯಂತ್ರದ ಮಸುಕು ಚಿತ್ರದಿಂದಲೇ ಅರ್ಥವಾಯಿತು. ಸರಿಯಾದ ಪ್ರಶ್ನೆ ಕೇಳಿದವರಿಗೆ ಮೊದಲ ತಲೆಮಾರಿನ ಕ್ಯಾಮೆರಾ ಸಾಕಾಗಿತ್ತು. ಪ್ರಶ್ನೆಯಿಲ್ಲದವರಿಗೆ ಮೂರನೆಯದೂ ಸಾಲದು. ಇಂಥ ಪ್ರಶ್ನೆಗಳು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿವೆ. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡುವುದಲ್ಲದೆ ಕೆಲವರಲ್ಲಿ ಲೋಮನಾಳಗಳನ್ನೇ ಸೋರುವಂತೆ ಮಾಡುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಪ್ರಕರಣಗಳು ಇನ್ನು ಲೆಕ್ಕಕ್ಕೆ ಸಿಗುತ್ತವೆ, ಒಳಗೆ ನಡೆಯುವುದೇನು ಎಂಬುದು ತಿಳಿಯಬೇಕಿದೆ. ಡೆಂಗಿಯಲ್ಲಿ ಸೋರಿಕೆ ಯಾವ ಗಳಿಗೆಯಲ್ಲಿ ಶುರುವಾಗಿ ಯಾವಾಗ ನಿಲ್ಲುತ್ತದೆ ಎಂದು ತಿಳಿದರೆ, ಕಡಿಮೆ ದ್ರವ ಕೊಟ್ಟು ಮಗುವನ್ನು ಕಳೆದುಕೊಳ್ಳುವುದೂ ಹೆಚ್ಚು ಕೊಟ್ಟು ಶ್ವಾಸಕೋಶದಲ್ಲಿ ನೀರು ತುಂಬಿಸುವುದೂ ಎರಡೂ ತಪ್ಪಬಹುದು. 1965ರಿಂದ ವೈದ್ಯರನ್ನು ತಯಾರು ಮಾಡುತ್ತಿರುವ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಅದರ ವಿದ್ಯಾರ್ಥಿಗಳು ಕಲಿಯುವ ಬಾಪೂಜಿ ಆಸ್ಪತ್ರೆ ಮತ್ತು ಚಿಗಟೇರಿ ಜಿಲ್ಲಾ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಸಂಸ್ಥೆ ಇರುವ ಊರು ಇದು. ಹಾವೇರಿ, ಚಿತ್ರದುರ್ಗ, ಬಳ್ಳಾರಿ ಕಡೆಯ ರೋಗಿಗಳೂ ಇಲ್ಲಿಗೇ ಬರುತ್ತಾರೆ. ಇಂಥಲ್ಲಿ ಒಂದು ಯಂತ್ರ, ಅದನ್ನು ಹಿಡಿಯಲು ತರಬೇತಾದ ಒಂದೆರಡು ಕೈ, ಒಂದು ಸ್ಪಷ್ಟ ಪ್ರಶ್ನೆ ಇದ್ದರೆ ಜಗತ್ತಿಗೆ ತಿಳಿಯದ ಸಂಗತಿಯನ್ನು ದಾವಣಗೆರೆಯಿಂದಲೇ ಹೇಳಬಹುದು.

ಕೊಳ್ಳುವುದಾದರೆ ಮೂರನೆಯ ತಲೆಮಾರಿನದನ್ನೇ ಕೊಳ್ಳಬೇಕು, ಏಕೆಂದರೆ ಹಗುರ ತೂಕ ಮತ್ತು ಅಳೆದ ಫೋಕಸ್ ಒತ್ತಡದ ದೋಷವನ್ನು ಕಡಿಮೆ ಮಾಡುತ್ತವೆ, ಎಣಿಕೆಯನ್ನು ಕಂಪ್ಯೂಟರಿಗೆ ಒಪ್ಪಿಸಬಹುದು. ಕೊಂಡ ಮೇಲೆ ಮೊದಲ ತಿಂಗಳುಗಳನ್ನು ನಮ್ಮ ಊರಿನ ಆರೋಗ್ಯವಂತರ ಸಹಜ ಅಳತೆಯನ್ನು ಕಂಡುಕೊಳ್ಳಲು ಮೀಸಲಿಡಬೇಕು. ಆಮ್ಸ್ಟರ್‌ಡಾಮಿನ ಗೆರೆಯನ್ನು, ರಕ್ತಹೀನತೆ ಸಾಮಾನ್ಯವಾಗಿರುವ ನಮ್ಮ ಹೆಂಗಸರ ಮೇಲೆ ಎಳೆಯುವುದು ನ್ಯಾಯವಲ್ಲ. ರಕ್ತಕಣ ಕಡಿಮೆಯಿದ್ದರೆ ಕಾಣುವ ನಾಳವೂ ಕಡಿಮೆ ಎಂಬುದನ್ನು ಆಗಲೇ ಹೇಳಿದೆ. ಆದರೆ ಇದು ಕಾಲೇಜಿನ ಮಾತು. ತಾಲ್ಲೂಕು ಆಸ್ಪತ್ರೆಯ ರಾತ್ರಿಪಾಳಿಯ ಯುವ ವೈದ್ಯರಿಗೆ, ನರ್ಸ್ ಸಹೋದರಿಯರಿಗೆ ನನ್ನ ಕೋರಿಕೆ ಬೇರೆ. ಜೇಬಿನಲ್ಲಿ ಒಂದು ಗಾಜಿನ ಸ್ಲೈಡ್, ಕೈಯಲ್ಲಿ ಸೆಕೆಂಡಿನ ಮುಳ್ಳಿರುವ ಗಡಿಯಾರ ಇರಲಿ. ಬಿಪಿ ಬರೆಯುವ ಕೇಸ್‌ಶೀಟಿನಲ್ಲಿ ಅದರ ಪಕ್ಕಕ್ಕೇ ಬೆರಳಿನ ಸೆಕೆಂಡುಗಳನ್ನೂ ಅರ್ಧ ಗಂಟೆಗೊಮ್ಮೆ ಬರೆಯಿರಿ. ರೋಗಿಯನ್ನು ದಾವಣಗೆರೆಗೆ ಕಳುಹಿಸುವಾಗ ಆ ಹಾಳೆಯನ್ನೂ ಜೊತೆಗೆ ಕಳುಹಿಸಿ. ಮನೆಯಲ್ಲಿ ಕೇಳುತ್ತಿರುವವರಿಗೆ ಒಂದು ಮಾತು: ಜ್ವರವಿರಲಿ, ಹಾವು ಕಡಿದಿರಲಿ, ರಕ್ತ ಹೋಗಿರಲಿ, ಕೈಕಾಲು ತಣ್ಣಗಾಗಿ, ಮೂತ್ರ ಕಡಿಮೆಯಾಗಿ, ಮಂಪರು ಬಂದಂತೆ ಕಂಡರೆ ಬಿಪಿ ಸರಿಯಿದೆ ಎಂದು ಯಾರು ಹೇಳಿದರೂ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ 108ಕ್ಕೆ ಫೋನು ಮಾಡಿ.